ಕಾರಿನ ಅಡಿಯಲ್ಲಿ ಯಾರದು?

ಕುಂಬಳೆಯಲ್ಲಿ ಗ್ಯಾರೇಜು ಇಟ್ಟವನಿಗೆ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಕೆಟ್ಟ ಕಾರು ಬರುತ್ತದೆ, ಅದರೊಟ್ಟಿಗೆ ಯಜಮಾನನೂ ಬರುತ್ತಾನೆ, ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನೆ. ಆದರೂ ಕನ್ವರ್ಟರ್ ಕಳವಿನ ಸುದ್ದಿ ಹಬ್ಬಿದ ದಿನಗಳಲ್ಲಿ ಆದಷ್ಟು ತಮಾಷೆ ನನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಬೇರೆ ಯಾವಾಗಲೂ ಆಗಿಲ್ಲ.

ಶುರುವಾದದ್ದು ಒಂದು ವ್ಯಾನಿನಿಂದ. ಮದುವೆ ಊಟ ಮಾಡಿಸುವ ಒಬ್ಬರು ರೈಲ್ವೆ ಸ್ಟೇಷನ್ ಹತ್ತಿರ ವ್ಯಾನು ನಿಲ್ಲಿಸಿ ಮಂಗಳೂರಿಗೆ ಹೋಗಿದ್ದರು. ಸಂಜೆ ಬಂದು ಸ್ಟಾರ್ಟ್ ಮಾಡಿದರೆ ಭಯಂಕರ ಸದ್ದು. ರೈಲು ಬಂತೆಂದು ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದವರು ಬ್ಯಾಗು ಎತ್ತಿಕೊಂಡು ಎದ್ದು ನಿಂತರಂತೆ. ನಾನು ಹೋಗಿ ಅಡಿಗೆ ಇಣುಕಿ ನೋಡಿದೆ. ಸೈಲೆನ್ಸರಿನೊಟ್ಟಿಗೆ ಇರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ ಅದು. ಒಳಗೆ ಚಿನ್ನದಷ್ಟು ಬೆಲೆಯ ಲೋಹ ಉಂಟು, ಅದಕ್ಕೇ ಕದಿಯುತ್ತಾರೆ ಎಂದು ನಾನು ಬಾಯಿ ತಪ್ಪಿ ಹೇಳಿದೆ. ವಾರದೊಳಗೆ ನಮ್ಮ ಊರಿನ ಅರ್ಧ ಜನ ಉಳಿದರ್ಧ ಜನರನ್ನು ಸಂಶಯದಿಂದ ನೋಡಲು ಶುರು ಮಾಡಿದರು.

ಯಾವ ಮೀಡಿಯಂ?

ಮೊದಲು ಬಂದವರು ಪೈವಳಿಕೆಯ ಕಡೆಯ ಒಬ್ಬ ನಿವೃತ್ತ ಹೆಡ್‌ಮಾಸ್ಟ್ರು. "ಇದನ್ನು ಕಳ್ಳರಿಂದ ಉಳಿಸಲಿಕ್ಕೆ ಎಂತ ಉಪಾಯ?" ಎಂದು ಕೇಳಿದರು.

"ಕನ್ವರ್ಟರಿನ ಮೇಲೆ ಗಾಡಿಯ ನಂಬರು ಕೊರೆದು ಬಿಡುವ ಮಾಸ್ಟ್ರೇ. ಕದ್ದರೂ ಮಾರ್ಲಿಕ್ಕೆ ಕಷ್ಟ ಆಗ್ತದೆ."

"ನಂಬರು ಮಾತ್ರ ಸಾಲದು. ನನ್ನ ಹೆಸರು, ಮನೆ ಹೆಸರು, ಪೋಸ್ಟು, ಪಿನ್ ಕೋಡು ಎಲ್ಲ ಬರೀರಿ."

ಗ್ರೈಂಡರಿನಲ್ಲಿ ಕನ್ನಡ ಅಕ್ಷರ ಕೊರೆಯುವುದು ಎಂತಹ ಕಷ್ಟ ಎಂದು ಕೊರೆದವನಿಗೇ ಗೊತ್ತು. ಬೆವರು ಸುರಿಸಿ ಮುಗಿಸಿದೆ. ಮಾಸ್ಟ್ರು ಟಾರ್ಚು ಹಿಡಿದು, ಮುಂಡು ಎತ್ತಿ ಕಟ್ಟಿ, ಕಾರಿನ ಅಡಿಯ ಗುಂಡಿಗೆ ಇಳಿದು ಪರೀಕ್ಷೆ ಮಾಡಿದರು. ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು. ಹಾಕಿಸಿದರು. ಮೇಲೆ ಬಂದ ಮೇಲೆ, "ಇದನ್ನೇ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೀರಿ" ಎಂದರು.

ನನಗೆ ಅಳು ಬಂತು. "ಒಂದು ಭಾಷೆ ಸಾಲದಾ ಮಾಸ್ಟ್ರೇ?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಕಳ್ಳ ಯಾವ ಮೀಡಿಯಮ್ಮಿನಲ್ಲಿ ಕಲಿತವನು ಅಂತ ನಿಮಗೆ ಗೊತ್ತುಂಟಾ?"

ಇದು ನನ್ನದಲ್ಲ

ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಕ್ಕ ಇದ್ದಾರೆ. ಸರ್ವಿಸು ಪೂರ್ತಿ ಲಾಕರಿನ ಕೀಲಿ ಸೊಂಟದಲ್ಲಿಟ್ಟುಕೊಂಡವರು. ಕನ್ವರ್ಟರಿಗೆ ಕಬ್ಬಿಣದ ಸರಳಿನ ಗೂಡು ಮಾಡಿಸಬೇಕೆಂದು ಕಾರು ತಂದರು. ನನ್ನಲ್ಲಿ ಬಿಟ್ಟು ಹೋಗುವ ಮೊದಲು ಅಡಿಯ ಫೋಟೋ ನಾಲ್ಕು ದಿಕ್ಕಿನಿಂದಲೂ ತೆಗೆದುಕೊಂಡರು.

"ತಪ್ಪು ತಿಳೀಬೇಡಿ," ಎಂದರು. "ನಿಮ್ಮ ಮೇಲೆ ಸಂಶಯ ಉಂಟು ಅಂತ ಅಲ್ಲ. ಎಲ್ಲರ ಮೇಲೆ ಇರುವಷ್ಟೇ ಉಂಟು."

ವೆಲ್ಡಿಂಗ್ ಮಾಡುವ ಮೊದಲು ಕಾರಿನ ಅಡಿಯನ್ನು ಚೆನ್ನಾಗಿ ತೊಳೆಸಿದೆ. ಅದೇ ನಾನು ಮಾಡಿದ ತಪ್ಪು. ಮರುದಿನ ಅಕ್ಕ ಬಂದು ಬಗ್ಗಿ ನೋಡಿದವರೇ, "ಇದು ನನ್ನದಲ್ಲ!" ಎಂದು ಬೊಬ್ಬೆ ಹಾಕಿದರು.

"ನಿಮ್ಮದೇ ಅಕ್ಕ, ತೊಳೆದದ್ದು ಅಷ್ಟೆ."

"ನನ್ನದು ಇಷ್ಟು ಚಂದ ಇರ್ಲಿಲ್ಲ. ಎಡಗಡೆ ಕೆಸರು ಇತ್ತು, ಇಲ್ಲಿ ನೋಡಿ ಫೋಟೋ. ನನ್ನದನ್ನು ನನಗೆ ಕೊಡಿ, ಇಲ್ಲಾಂದ್ರೆ ನಾನು ಸ್ಟೇಷನ್ನಿಗೆ ಹೋಗ್ತೇನೆ."

ಗ್ಯಾರೇಜಿನಲ್ಲಿ ಬೇರೆ ಗಿರಾಕಿಗಳಿದ್ದರು. ಎಲ್ಲರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾರಿನ ಅಡಿಗೆ ಬಗ್ಗಲು ಶುರು ಮಾಡಿದರು. ಹೀಗಾದರೆ ನನ್ನ ಕಥೆ ಮುಗಿಯಿತೆಂದುಕೊಂಡೆ. ಹತ್ತು ನಿಮಿಷ ಬಿಟ್ಟು ಬನ್ನಿ ಎಂದು ಅವರನ್ನು ಚಾ ಕುಡಿಯಲು ಕಳಿಸಿ, ಅಂಗಳದ ಕೆಂಪು ಮಣ್ಣನ್ನು ನೀರಲ್ಲಿ ಕಲಸಿ, ನೆನಪಿನಲ್ಲಿದ್ದ ಹಾಗೆ ಎಡಗಡೆಗೆ ಮೆತ್ತಿದೆ.

ಅಕ್ಕ ಬಂದು ಫೋಟೋದೊಟ್ಟಿಗೆ ಹೋಲಿಸಿ ನೋಡಿದರು. ಮುಖ ಅರಳಿತು. "ಹಾಂ, ಇದು ನನ್ನದು! ನೋಡಿದ್ರಾ, ಗಟ್ಟಿಯಾಗಿ ಕೇಳಿದ್ರೆ ಮಾತ್ರ ವಾಪಸ್ ಬರ್ತದೆ."

ಕೈ ಮೇಲೆ!

ಮೊಗ್ರಾಲಿನ ಒಬ್ಬರು ದುಬೈಯಲ್ಲಿರುವುದು. ರಜೆ ಮುಗಿಸಿ ಹೊರಡುವ ಮೊದಲು ಮನೆಯಲ್ಲಿ ಕಾರು ನಿಲ್ಲಿಸುವ ಜಾಗದ ಮೇಲೊಂದು ಕ್ಯಾಮೆರಾ ಹಾಕಿಸಿದರು. ಅವರು ದುಬೈಯಲ್ಲಿ ಫೋನಿನಲ್ಲಿ ಮಾತಾಡಿದರೆ ಇಲ್ಲಿ ಕ್ಯಾಮೆರಾ ಮಾತಾಡುತ್ತದೆ, ಅಂತಹದ್ದು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ನನಗೆ ಫೋನು. "ಬೇಗ ನನ್ನ ಮನೆಗೆ ಹೋಗಿ ಮಾರಾಯ್ರೆ! ಹೆಂಡತಿ ಕೆಲಸಕ್ಕೆ ಹೋಗಿದ್ದಾಳೆ. ಕಾರಿನ ಅಡಿಯಲ್ಲಿ ಒಬ್ಬ ಇದ್ದಾನೆ, ಎರಡು ಕಾಲು ಕಾಣ್ತಾ ಉಂಟು!"

ಒಂದು ಸ್ಪ್ಯಾನರ್ ಹಿಡಿದುಕೊಂಡು ಸ್ಕೂಟರಿನಲ್ಲಿ ಓಡಿದೆ. ಗೇಟು ತೆರೆದು ನೋಡಿದರೆ, ತಲೆಗೆ ಬೈರಾಸು ಸುತ್ತಿದ ಒಬ್ಬ ಮುದುಕರು ಕಾರಿನ ಹತ್ತಿರ ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ಒಂದೊಂದು ಕೈಯಲ್ಲಿ ಒಂದೊಂದು ಮೊಟ್ಟೆ. ಸ್ವಲ್ಪ ಕೈ ಇಳಿಸಿದರೆ ಸಾಕು, ಕ್ಯಾಮೆರಾ ಗರಗರ ಸ್ವರದಲ್ಲಿ, "ಕೈ ಮೇಲೆ! ಅಲುಗಬೇಡ!" ಎಂದು ಕಿರುಚುತ್ತದೆ.

ಅವರು ಆ ದುಬೈಯವರ ಹೆಂಡತಿಯ ತಂದೆ. ಮಗಳ ಮನೆಗೆ ಬಂದಿದ್ದರು. ಕೋಳಿ ಕಾರಿನ ಅಡಿಯಲ್ಲಿ ಮೊಟ್ಟೆ ಇಡುತ್ತಿತ್ತು, ಹೆಕ್ಕಲಿಕ್ಕೆ ನುಗ್ಗಿದ್ದರು. ಮೇಲಿನ ಕ್ಯಾಮೆರಾಕ್ಕೆ ಬೈರಾಸು ಬಿಟ್ಟರೆ ಮುಖ ಕಾಣುತ್ತಿರಲಿಲ್ಲ.

"ಪೊಲೀಸರಲ್ಲ, ಅದು ನಿಮ್ಮ ಅಳಿಯ" ಎಂದು ನಾನು ಮೆಲ್ಲ ಹೇಳಿದೆ.

ಮುದುಕರು ಕೈ ಇಳಿಸಿ, ಬೈರಾಸು ಬಿಚ್ಚಿ, ಕ್ಯಾಮೆರಾಕ್ಕೆ ಮುಖ ತೋರಿಸಿದರು. "ಮಗಳನ್ನೇ ಕೊಟ್ಟಿದ್ದೇನಲ್ಲ ನಿನಗೆ! ಎರಡು ಮೊಟ್ಟೆ ತೆಗೀಲಿಕ್ಕೆ ನಾನು ದುಬೈಗೆ ಅರ್ಜಿ ಕೊಡಬೇಕಾ?"

ಕ್ಯಾಮೆರಾ ಸಣ್ಣ ಸ್ವರದಲ್ಲಿ ಕೇಳಿತು: "ಮಾವ... ಸೌಖ್ಯವಾ?"

ಕರೆಂಟಿನ ಕಾರು

ಇದನ್ನು ನೆನೆಸಿದರೆ ನನಗೆ ಈಗಲೂ ಕೆಲಸದ ಮಧ್ಯೆ ನಗು ಬರುತ್ತದೆ.

ನಮ್ಮ ರಸ್ತೆಯಲ್ಲೇ ಕಚೇರಿ ಕೆಲಸದಿಂದ ನಿವೃತ್ತರಾದ ಒಬ್ಬರಿದ್ದಾರೆ, ಪಕ್ಕದ ಮನೆಯಲ್ಲಿ ಒಬ್ಬರು ಟೈಲರು. ಇಬ್ಬರೂ ಚಿಕ್ಕಂದಿನ ಸ್ನೇಹಿತರು. ದಿನಾ ಬೆಳಿಗ್ಗೆ ಟೈಲರು ಇವರ ಜಗಲಿಗೆ ಬಂದು ಪೇಪರು ಓದಿ, ಚಾ ಕುಡಿದು ಹೋಗುವುದು. ಈಚೆಗೆ ಮಗಳು ಇವರಿಗೊಂದು ಹೊಸ ಕಾರು ತೆಗೆದುಕೊಟ್ಟಿದ್ದಳು.

ಒಂದು ದಿನ ಅವರು ನನಗೆ ಫೋನು ಮಾಡಿ, "ಕೂಡಲೇ ಬನ್ನಿ, ನನ್ನದೂ ಹೋಯ್ತು" ಎಂದರು. ಹೋದಾಗ ಮುಖ ಕಪ್ಪಿಟ್ಟಿತ್ತು. ಪೊಲೀಸಿಗೆ ಕೊಡುವ ದೂರು ಎರಡು ಪುಟ ಬರೆದು ಮುಗಿಸಿದ್ದರು.

"ಯಾರ ಮೇಲಾದ್ರೂ ಸಂಶಯ ಉಂಟಾ?" ಎಂದೆ.

ಅವರು ಪಕ್ಕದ ಮನೆಯತ್ತ ಕೈ ತೋರಿಸಿದರು. "ನಿನ್ನೆ ಕಾರಿನ ಅಡಿಗೆ ಬಗ್ಗಿ ನೋಡ್ತಿದ್ದ. ಕೇಳಿದ್ರೆ, ನಿನ್ನ ಕಾರಲ್ಲಿ ಕನ್ವರ್ಟರ್ ಕಾಣುದಿಲ್ಲ ಮಾರಾಯ ಅಂತ ಹೇಳ್ತಾನೆ. ಅಷ್ಟು ಸರಿಯಾಗಿ ಅವನಿಗೆ ಹೇಗೆ ಗೊತ್ತು? ಐವತ್ತು ವರ್ಷದ ಸ್ನೇಹ. ಇಂದು ಬೆಳಿಗ್ಗೆ ಗೇಟಿಗೆ ಬೀಗ ಹಾಕಿದೆ. ಪೇಪರು ಓದ್ಲಿಕ್ಕೆ ಬಂದವ ಬೀಗ ನೋಡಿ ವಾಪಸ್ ಹೋದ."

ಪಕ್ಕದ ಜಗಲಿಯಲ್ಲಿ ಟೈಲರು ಒಬ್ಬರೇ ಕೂತಿದ್ದರು. ನಮ್ಮ ಕಡೆ ನೋಡಲಿಲ್ಲ.

ನಾನು ಕಾರಿನ ಅಡಿಗೆ ಟಾರ್ಚು ಬಿಟ್ಟೆ. ಎದ್ದು ನಿಂತು, ನಗು ತಡೆದುಕೊಂಡು ಹೇಳಿದೆ: "ಇದು ಕರೆಂಟಿನ ಕಾರಲ್ವಾ? ಬ್ಯಾಟರಿಯಲ್ಲಿ ಓಡುವುದು. ಹೊಗೆಯೇ ಇಲ್ಲ. ಹಾಗಾಗಿ ಇದರಲ್ಲಿ ಕನ್ವರ್ಟರೂ ಇಲ್ಲ, ಸೈಲೆನ್ಸರೂ ಇಲ್ಲ. ಹೊಸದಾಗಿ ಬರುವಾಗಲೇ ಇರುವುದಿಲ್ಲ."

"ಬರುವಾಗಲೇ ಇರ್ಲಿಲ್ವಾ?"

"ಇಲ್ಲ."

ಅವರು ದೂರಿನ ಹಾಳೆ ಹರಿದು ಹಾಕಿದರು. ಕಂಪೌಂಡ್ ಗೋಡೆಯ ಹತ್ತಿರ ಹೋಗಿ, ಕಣ್ಣೊರೆಸಿಕೊಂಡು, ಊರಿಗೇ ಕೇಳುವ ಹಾಗೆ ಕೂಗಿದರು:

"ಏಯ್, ಬಾ ಮಾರಾಯ, ಚಾ ಕುಡಿಯುವ! ಕಳ್ಳ ನೀನಲ್ಲ ಅಂತ ಗೊತ್ತಾಯ್ತು. ಶೋರೂಮಿನವನೇ ಮೊದಲೇ ತೆಗೆದು ಇಟ್ಟುಕೊಂಡಿದ್ದಾನೆ!"