ಪಂಚಾಯಿತಿ ಕಟ್ಟೆಯ ರೇಡಿಯೋ

ಸರ್ಕಾರ ಊರಿಗೊಂದು ರೇಡಿಯೋ ಕೊಟ್ಟಿತು. ನಗುವನ್ನು ಅದರ ಜೊತೆ ಪುಕ್ಕಟೆ ಕೊಟ್ಟಿತು. ಆಗ ನಾನು ಬೆಳ್ತಂಗಡಿ ಕಡೆ ಗ್ರಾಮಸೇವಕ. ಪಂಚಾಯಿತಿ ರೇಡಿಯೋಗಳ ಯೋಗಕ್ಷೇಮವೂ ನನ್ನದೇ. ಜನ ಅದರ ಮುಂದೆ ಕೂತರೆಂದರೆ ಏನಾದರೊಂದು ಆಗಿಯೇ ಆಗುತ್ತಿತ್ತು.

೧. ಉತ್ತರ

ಪುಂಜಾಲಕಟ್ಟೆಯಲ್ಲಿ ಒಂದು ಸಂಜೆ ರೈತರ ಕಾರ್ಯಕ್ರಮ. "ಭತ್ತದ ನೇಜಿಯನ್ನು ಸಾಲಾಗಿ ನೆಡಿ," ಎಂದಿತು ರೇಡಿಯೋ.

ಮುಂದೆ ಕೂತಿದ್ದ ಗುತ್ತು ಮನೆತನದ ಯಜಮಾನರು ಎದ್ದು ನಿಂತು ರೇಡಿಯೋವನ್ನೇ ಕೇಳಿದರು. "ನನ್ನ ಗದ್ದೆ ಬಾಳೆಹಣ್ಣಿನ ಹಾಗೆ ಬಾಗಿದೆ. ಸಾಲು ಎಲ್ಲಿಂದ ಹಿಡಿಯುವುದು?"

ಅಷ್ಟರಲ್ಲಿ ಹಿಂದಿ ವಾರ್ತೆ ಶುರುವಾಯಿತು.

ಯಜಮಾನರು ನನ್ನ ಕಡೆ ತಿರುಗಿದರು. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ ಮಾರಾಯ್ರೆ. ಹಿಂದಿಯಲ್ಲಿ ಬೈಯುವುದು ಯಾಕೆ?"

ಆದರೂ ಆ ವರ್ಷ ಸಾಲಾಗಿಯೇ ನೆಟ್ಟರು. ಬೆಳೆ ಚೆನ್ನಾಗಿ ಬಂದಾಗ ರೇಡಿಯೋದ ಮುಂದೆ ಒಂದು ಹಿಡಿ ತೆನೆ ಇಟ್ಟು ಹೋದರು.

೨. ಮಡಿಲ ಕೂಸು

ಕಕ್ಕಿಂಜೆಯ ರೇಡಿಯೋಕ್ಕೆ ಕರೆಂಟಿಲ್ಲ, ಬ್ಯಾಟರಿಯೇ ಗತಿ. ಒಮ್ಮೆ ಅದನ್ನು ಬೆಳ್ತಂಗಡಿಯಲ್ಲಿ ಚಾರ್ಜ್ ಮಾಡಿಸಿ ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್ ಬಿಡಲಿಲ್ಲ. "ಕೂತವರಿಗೆಲ್ಲ ಟಿಕೆಟ್ ಉಂಟು."

ಹಿಂದಿನ ಸೀಟಿನ ಬ್ಯಾರಿ ವ್ಯಾಪಾರಿ ನನ್ನ ಸಹಾಯಕ್ಕೆ ಬಂದರು. "ಅದು ಸಣ್ಣದಲ್ಲವಾ? ಮಡಿಲಲ್ಲಿ ಕೂರಿಸಿಕೊಳ್ಳಿ, ಟಿಕೆಟ್ ಬೇಡ."

ಕೂರಿಸಿಕೊಂಡೆ. ಇಳಿಯುವಾಗ ನೋಡಿದರೆ ಆ್ಯಸಿಡ್ ಸೋರಿ ಪಂಚೆಯ ಮುಂಭಾಗ ಜಾಲರಿಯಾಗಿತ್ತು!

ವ್ಯಾಪಾರಿ ತಮ್ಮ ಹೆಗಲ ಶಾಲನ್ನೇ ನನಗೆ ಸುತ್ತಿ ಸಮಾಧಾನ ಹೇಳಿದರು: "ಮಕ್ಕಳನ್ನು ಮಡಿಲಲ್ಲಿ ಕೂರಿಸಿದರೆ ಇದೆಲ್ಲ ಇದ್ದದ್ದೇ."

೩. ಮೊದಲ ಸೂಜಿ

ಒಂದು ಮಳೆಗಾಲ ಹೊಳೆಯಾಚೆ ಕಾಲರಾ ಬಂತು. ಒಂದೇ ಮನೆಯಲ್ಲಿ ತಾಯಿ, ಮಗ ಇಬ್ಬರೂ ಹೋದರು. ಚುಚ್ಚುಮದ್ದು ಹಾಕಿಸಿಕೊಳ್ಳಿ ಎಂದು ನಾನು ಕಕ್ಕಿಂಜೆಯ ಮನೆಮನೆಗೆ ಹೋಗಿ ಅಂಗಲಾಚಿದೆ. ಸೂಜಿಯ ಹೆದರಿಕೆಗೆ ಒಬ್ಬರೂ ಬರಲಿಲ್ಲ. ಆಮೇಲೆ ರೇಡಿಯೋದಲ್ಲಿ ಹೆಂಗಸೊಬ್ಬಳು ಅದನ್ನೇ ಹೇಳಿದಳು. ಮರುದಿನ ಪಂಚಾಯಿತಿ ಕಟ್ಟೆ ತುಂಬ ಜನ!

"ನಾನು ಹೇಳಿದ್ದೂ ಇದನ್ನೇ ಅಲ್ಲವಾ?" ಎಂದೆ.

"ನೀವು ನಮ್ಮ ಹತ್ತಿರ ಮಾತ್ರ ಹೇಳಿದ್ದು. ಅವಳು ಇಡೀ ಜಿಲ್ಲೆಗೆ ಹೇಳಿದ್ದಾಳೆ. ಸುಳ್ಳಾದರೆ ಅವಳ ಮರ್ಯಾದೆ ಹೋಗುವುದಿಲ್ಲವಾ?" ಎಂದರು ಸಾಲಿನ ಮುಂದಿದ್ದ ಅಜ್ಜಿ.

ಆ ಮಳೆಗಾಲ ಕಕ್ಕಿಂಜೆಯಲ್ಲಿ ಕಾಲರಾಕ್ಕೆ ಒಂದು ಜೀವವೂ ಹೋಗಲಿಲ್ಲ. ಆ ಗುರುತಿಲ್ಲದ ದನಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಆದರೆ ಆ ದಿನ ಡಾಕ್ಟರು ಸೂಜಿ ಎತ್ತಿದ ಕೂಡಲೇ ಅಜ್ಜಿ ಕೈ ಹಿಂದಕ್ಕೆಳೆದುಕೊಂಡರು. ಗೊರಗೊರ ಸದ್ದು ಮಾಡುತ್ತಿದ್ದ ರೇಡಿಯೋದತ್ತ ಬೆರಳು ತೋರಿಸಿದರು.

"ಮೊದಲು ಅವಳಿಗೆ ಚುಚ್ಚಿ. ಊರಿಗೆಲ್ಲ ಬುದ್ಧಿ ಹೇಳಿ ಹೇಳಿ ಪಾಪ, ಅವಳಿಗೇ ಕಫ ಕಟ್ಟಿದೆ!"