ಸತ್ತ ಮೇಲಿನ ಚಹಾ

ಎರಡು ತಗಡಿನ ಮುಚ್ಚಳಗಳು ಒಂದು ಊರನ್ನು ಇಪ್ಪತ್ತು ವರ್ಷ ಜಗಳಕ್ಕೆ ಹಚ್ಚಬಲ್ಲವು ಎಂಬುದು ಸಿನಿಮಾ ಓಡಿಸುವ ಆಪರೇಟರಿಗೆ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ. ಆಗ ಅವನು ಖಾಲಿ ಥಿಯೇಟರಿನ ನಡುಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. ಪರದೆಯ ಮೇಲೆ ‘ದೂರನೌಕೆ’ಯ ಐದನೆಯ ಭಾಗ ಓಡುತ್ತಿತ್ತು.

ದೂರನೌಕೆಯ ಭಾಗಗಳು ಏಳು. ಎಂಟನೆಯದು ಮುಂದಿನ ತಿಂಗಳು ಬರುವುದಿತ್ತು. ಆ ನೆಪದಲ್ಲಿ ಥಿಯೇಟರಿನ ಯಜಮಾನಿ ಹಳೆಯ ಭಾಗಗಳನ್ನು ಭಾನುವಾರಕ್ಕೊಂದರಂತೆ ಮತ್ತೆ ತೋರಿಸುತ್ತಿದ್ದರು. ಮೊದಲ ನಾಲ್ಕಕ್ಕೆ ಯಾರ ತಕರಾರೂ ಇರಲಿಲ್ಲ. ಅವುಗಳಲ್ಲಿ ನೌಕೆ ಹಾರುತ್ತದೆ, ಶತ್ರು ಬರುತ್ತಾನೆ, ಶತ್ರು ಹೋಗುತ್ತಾನೆ. ಐದನೆಯದರ ಸಂಗತಿ ಬೇರೆ. ಅದರಲ್ಲಿ ನೌಕೆಯ ನಾಯಕನೇ ಸಾಯುತ್ತಾನೆ. ಅವನನ್ನು ಪೆಟ್ಟಿಗೆಯಲ್ಲಿಟ್ಟು ನಕ್ಷತ್ರಗಳ ನಡುವೆ ತೇಲಿಬಿಡುತ್ತಾರೆ. ಮರುದೃಶ್ಯದಲ್ಲಿ ಅದೇ ನಾಯಕ ನೌಕೆಯ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಬಂದು, “ತಡ ಆಯ್ತಾ?” ಅನ್ನುತ್ತಾನೆ. ಅಡುಗೆಯವಳು ತಿರುಗಿ ಕೂಡ ನೋಡದೆ, “ಇಲ್ಲ, ಚಹಾ ಇನ್ನೂ ಬಿಸಿ ಇದೆ” ಅನ್ನುತ್ತಾಳೆ. ಅವನು ಕೂತು ನಿಧಾನವಾಗಿ ಕುಡಿಯುತ್ತಾನೆ. ಆಮೇಲೆ ಅವನ ಖಾಲಿ ಕುರ್ಚಿಯನ್ನು ತೋರಿಸಿ ಸಿನಿಮಾ ಮುಗಿಯುತ್ತದೆ.

ಈ ಒಂದು ಲೋಟ ಚಹಾ ಊರನ್ನು ನಡುವೆ ಸೀಳಿತ್ತು. ಕಾಲವೆಂಬುದು ಎಳೆದ ಹಗ್ಗವಲ್ಲ, ಸುತ್ತಿಟ್ಟ ಹಗ್ಗ ಎಂದು ಈ ಸಿನಿಮಾ ಹೇಳುತ್ತಿದೆ ಅನ್ನುವವರು ಒಂದು ಕಡೆ. ಅವರ ಮುಂದಾಳು ನಿವೃತ್ತ ಮೇಷ್ಟ್ರು. ಸತ್ತವನಿಗೆ ಚಹಾ ಕುಡಿಸಿದ ನಿರ್ದೇಶಕನಿಗೆ ತಲೆ ಕೆಟ್ಟಿದೆ ಅನ್ನುವವರು ಇನ್ನೊಂದು ಕಡೆ. ಅವರ ಮುಂದಾಳು ಸಲೂನಣ್ಣ. ಮೇಷ್ಟ್ರ ಪಕ್ಷದವರ ತಲೆಗೆ ಸಲೂನಣ್ಣ ಕತ್ತರಿ ಮುಟ್ಟಿಸುತ್ತಿರಲಿಲ್ಲ. ಹೀಗಾಗಿ ಹೊಸಬರಿಗೂ ಯಾರು ಯಾವ ಪಕ್ಷವೆಂದು ಕೂದಲು ನೋಡಿದರೆ ತಿಳಿಯುತ್ತಿತ್ತು. ನಿರ್ಮಾಪಕರ ಕೋರ್ಟು ಕಟ್ಟಲೆಯಿಂದಾಗಿ ಈ ಭಾಗ ಮಾತ್ರ ಟೀವಿಯಲ್ಲಿ ಬಂದೇ ಇರಲಿಲ್ಲ. ಒಮ್ಮೆ ಬೇರೆ ಊರಿನ ನೆಂಟನೊಬ್ಬ, “ನಾಯಕ ಸಾಯೋದು ಚಹಾ ಕುಡಿದ ಮೇಲೆ ಅಲ್ವಾ?” ಎಂದು ಕೇಳಿದ್ದಕ್ಕೆ, ನಡುವೆ ನಿದ್ದೆ ಹೊಡೆದವನ ಮಾತೆಂದು ಎರಡೂ ಪಕ್ಷದವರು ಸೇರಿ ನಕ್ಕು ಕಳಿಸಿದ್ದರು.

ಇವತ್ತು ಆಪರೇಟರ್ ನೋಡುತ್ತಿದ್ದಂತೆ, ನಾಯಕ ಬಾಗಿಲು ತಳ್ಳಿಕೊಂಡು ಬಂದ. “ತಡ ಆಯ್ತಾ?” ಅಂದ. ಕೂತ. ಕುಡಿದ.

“ಲೋ, ನೀನಿನ್ನೂ ಸತ್ತೇ ಇಲ್ವಲ್ಲೋ!” ಎಂದು ಆಪರೇಟರ್ ಖಾಲಿ ಥಿಯೇಟರಿನಲ್ಲಿ ಗಟ್ಟಿಯಾಗಿ ಹೇಳಿದ.

ನಾಯಕ ಅವನ ಮಾತು ಕೇಳಿದವನಂತೆ ಇಪ್ಪತ್ತು ನಿಮಿಷದ ಮೇಲೆ ಸತ್ತ.

ಆಪರೇಟರಿಗೆ ಇಪ್ಪತ್ತು ವರ್ಷದ ಹಿಂದಿನ ಒಂದು ಊಟ ನೆನಪಾಯಿತು. ಆ ಕಾಲದಲ್ಲಿ ಸಿನಿಮಾ ಬರುತ್ತಿದ್ದದ್ದು ದುಂಡನೆಯ ತಗಡಿನ ಡಬ್ಬಿಗಳಲ್ಲಿ; ಒಂದೊಂದು ಡಬ್ಬಿಯಲ್ಲಿ ಇಪ್ಪತ್ತು ನಿಮಿಷದ ಸುರುಳಿ. ಎಷ್ಟನೆಯದೆಂಬ ಚೀಟಿ ಮುಚ್ಚಳದ ಮೇಲೆ ಮಾತ್ರ. ಮೇಲಿನ ಯಂತ್ರದ ಕೋಣೆಯಲ್ಲಿ ಮೇಜಿರಲಿಲ್ಲ, ತಟ್ಟೆಯಿರಲಿಲ್ಲ. ಮುಚ್ಚಳವನ್ನು ಮಗುಚಿದರೆ ಅದಕ್ಕಿಂತ ಒಳ್ಳೆಯ ತಟ್ಟೆ ಇನ್ನೊಂದಿಲ್ಲ. ಐದನೆಯ ಭಾಗ ಬಂದ ಮೊದಲ ದಿನ ಅವನು ಒಂದು ಮುಚ್ಚಳದಲ್ಲಿ ಊಟ, ಇನ್ನೊಂದರಲ್ಲಿ ಹೆಚ್ಚಿದ ಈರುಳ್ಳಿ ಇಟ್ಟುಕೊಂಡು ಉಂಡಿದ್ದ; ಎರಡನ್ನೂ ತೊಳೆದು ಒರೆಸಿ ಮುಚ್ಚಿದ್ದ. ಯಾವುದರ ಮೇಲೆ ಯಾವುದು ಎಂದು ಈಗ ತಿಳಿಯಿತು: ಕೊನೆಯ ಎರಡು ಡಬ್ಬಿಗಳ ಮುಚ್ಚಳ ಅದಲುಬದಲಾಗಿ, ನಾಯಕ ಸಾಯುವ ಸುರುಳಿ ಮೊದಲು ಓಡಿತ್ತು.

ಆ ಸಿನಿಮಾವನ್ನು ಮುನ್ನೂರಕ್ಕೂ ಹೆಚ್ಚು ಸಲ ಓಡಿಸಿದವನಿಗೆ ಇದು ಕಾಣಲಿಲ್ಲವೇ? ಕಾಣಲಿಲ್ಲ. ಆಪರೇಟರಾದವನು ಸಿನಿಮಾ ನೋಡುವುದಿಲ್ಲ. ಸುರುಳಿ ಮುಗಿಯುವಾಗ ಪರದೆಯ ಮೂಲೆಯಲ್ಲಿ ಮೂಡುವ ಚುಕ್ಕೆಯನ್ನು ನೋಡುತ್ತಾನೆ. ಈಗ ಸುರುಳಿಯಿಲ್ಲ, ಚುಕ್ಕೆಯಿಲ್ಲ. ಕಂಪನಿಯವರು ಬೀಗ ಹಾಕಿ ಕಳಿಸಿದ ಪುಟ್ಟ ಪೆಟ್ಟಿಗೆಯನ್ನು ಯಂತ್ರಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರಾಯಿತು. ಕೈಗೆ ಕೆಲಸವಿಲ್ಲದ್ದರಿಂದಲೇ ಅವನು ಇವತ್ತು, ಇಷ್ಟು ಜಗಳವಾಡುವಂಥದ್ದು ಇದರಲ್ಲಿ ಏನಿದೆ ನೋಡೋಣ ಎಂದು ಕೆಳಗೆ ಬಂದು ಕೂತಿದ್ದು. ಏನೂ ಇರಲಿಲ್ಲ. ಸರಿಯಾದ ಕ್ರಮದಲ್ಲಿ ನೋಡಿದರೆ ಅದೊಂದು ಸಾಧಾರಣ ಸಿನಿಮಾ; ಚಹಾ ಬರೀ ಚಹಾ.

ಮಧ್ಯಾಹ್ನ ಮೂರಕ್ಕೆ ಪ್ರದರ್ಶನ. ಅದಕ್ಕೆ ಮೊದಲು ಮೇಷ್ಟ್ರ ಭಾಷಣ: ‘ಮರಣೋತ್ತರ ಚಹಾ — ಒಂದು ಚಿಂತನೆ’. ಆಮೇಲೆ ಕೈ ಎತ್ತಿಸಿ ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಎಂದು ಊರೇ ತೀರ್ಪು ಕೊಡುವುದಿತ್ತು. ಮೇಷ್ಟ್ರು ಬೇರೆ ಯಾರೂ ಅಲ್ಲ, ಆಪರೇಟರಿನ ಮಾವ. ಇಪ್ಪತ್ತು ವರ್ಷದ ಹಿಂದೆ ಸಿನಿಮಾ ನೋಡಿ ಕಣ್ಣೀರು ಒರೆಸಿಕೊಳ್ಳುತ್ತ ಯಂತ್ರದ ಕೋಣೆ ಹತ್ತಿ ಬಂದು, “ಇಂಥದ್ದನ್ನು ತೋರಿಸುವ ಕೈ ಸಾಮಾನ್ಯದ್ದಲ್ಲ” ಎಂದು ಆ ಕೈ ಹಿಡಿದು, ಮುಂದೆ ಅದೇ ಕೈಗೆ ಮಗಳನ್ನು ಕೊಟ್ಟವರು. ಇವತ್ತು ಊರೆದುರು ಅವರ ಮಾನ ಹೋಗುತ್ತದೆ. ಅದರ ಹಿಂದೆಯೇ ಅಳಿಯನ ಮಾನವೂ, ಕೆಲಸವೂ.

ಮನೆಗೆ ಓಡಿದ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕನ್ನಡಿಯ ಮುಂದೆ ಭಾಷಣ ಮಾಡಿಕೊಳ್ಳುತ್ತಿದ್ದರು.

“ಬನ್ನಿ ಅಳಿಯಂದಿರೇ. ಪ್ರಿಂಟ್ ಹೇಗಿದೆ?”

“ಚೆನ್ನಾಗಿದೆ ಮಾವ. ಸ್ವಲ್ಪ ಜಾಸ್ತೀನೇ ಚೆನ್ನಾಗಿದೆ.”

ಅಡುಗೆಮನೆಯಲ್ಲಿ ಹೆಂಡತಿಗೆ ಪಿಸುಗುಟ್ಟಿದ. ಅವಳು ಮೊದಲು ಅರ್ಥವಾಗದೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ನಗು ತಡೆಯಲಾಗದೆ ನೆಲದ ಮೇಲೆ ಕೂತೇಬಿಟ್ಟಳು. ಆಮೇಲೆ ತಟ್ಟನೆ ನಗು ನಿಂತಿತು.

“ರೀ, ಅಪ್ಪನಿಗೆ ಹೇಳಿದ್ರಾ?”

“ಹೇಗೆ ಹೇಳ್ಲಿ?”

“ಈಗ್ಲೇ ಹೇಳಿ. ಎಲ್ಲರ ಮಧ್ಯೆ ಗೊತ್ತಾಗೋದಕ್ಕಿಂತ ನಿಮ್ಮ ಬಾಯಿಂದ ಕೇಳೋದು ವಾಸಿ.”

ಅವನು ಗಂಟಲು ಸರಿಮಾಡಿಕೊಂಡು ಹೋಗಿ ನಿಂತ. “ಮಾವ, ಆ ಚಹಾದ ವಿಷಯ…”

“ಅದನ್ನೇ ಬರೆದುಕೊಳ್ತಾ ಇದ್ದೆ!” ಮೇಷ್ಟ್ರು ಹಾಳೆ ಎತ್ತಿ ಹಿಡಿದರು. “ಕೇಳಿ. ‘ಈ ದೃಶ್ಯವನ್ನು ಇದೇ ಜಾಗದಲ್ಲಿಡಲು ನಿರ್ದೇಶಕ ಎಷ್ಟು ರಾತ್ರಿ ನಿದ್ದೆಗೆಟ್ಟನೋ!’ ಹೇಗಿದೆ?”

“ಚೆನ್ನಾಗಿದೆ ಮಾವ,” ಎಂದು ಅಳಿಯ ಚಪ್ಪಲಿ ಮೆಟ್ಟಿಕೊಂಡ.

ಎದುರು ಪಕ್ಷವನ್ನಾದರೂ ಮೆತ್ತಗೆ ಮಾಡೋಣವೆಂದು ಸಲೂನಿಗೆ ಹೋದ. ಹೋದವನು ಸುಮ್ಮನೆ ಮಾತಾಡುವುದು ಹೇಗೆ? ಯಾವ ಪಕ್ಷಕ್ಕೂ ಸೇರದವನಾದ್ದರಿಂದ ಅಡ್ಡಿಯಿರಲಿಲ್ಲ, ಗಡ್ಡಕ್ಕೆ ಕೂತ. ಎಡಗೆನ್ನೆ ಮುಗಿಯುವವರೆಗೆ ಹವೆಯ ಬಗ್ಗೆ ಮಾತಾಡಿದ. ಆಮೇಲೆ ಮೆಲ್ಲನೆ ಕೇಳಿದ:

“ಅಣ್ಣಾ, ಒಂದು ಮಾತು. ಆ ನಾಯಕ ಮೊದಲು ಚಹಾ ಕುಡಿದು, ಆಮೇಲೆ ಸತ್ತಿದ್ರೆ ನಿನಗೆ ಒಪ್ಪಿಗೆ ಆಗ್ತಿತ್ತಾ?”

ಕತ್ತಿ ಗಂಟಲ ಹತ್ತಿರ ನಿಂತಿತು. “ಯಾರು ಕಳಿಸಿದ್ರು ನಿನ್ನ?”

“ಯಾರೂ ಇಲ್ಲ, ಸುಮ್ನೆ—”

“ನಿಮ್ಮ ಮಾವ ಕಳಿಸಿದ್ದಾರೆ! ಕೈ ಎತ್ತೋ ದಿನ ಹೆದರಿಕೆ ಆಗಿದೆ ಮುದುಕನಿಗೆ. ರಾಜಿಗೆ ಕಳಿಸಿದ್ದಾರೆ! ನೋಡ್ರಪ್ಪಾ ಎಲ್ರೂ, ಇಪ್ಪತ್ತು ವರ್ಷ ಆದ್ಮೇಲೆ ಬಗ್ಗಿದ್ರು!”

ಕಾಯುತ್ತ ಕೂತಿದ್ದ ನಾಲ್ವರು ಚಪ್ಪಾಳೆ ತಟ್ಟಿದರು. ಸಲೂನಣ್ಣ ಆಪರೇಟರಿನ ಕೊರಳ ಬಟ್ಟೆಯನ್ನು ಜಾದೂಗಾರನಂತೆ ಎಳೆದು ಒದರಿದ. “ಏಳು. ಬಲಗೆನ್ನೆ ನಿಮ್ಮ ಮಾವನೇ ಕೆರೀಲಿ.”

ಅರ್ಧ ಉತ್ತ ಹೊಲದಂಥ ಮುಖ ಹೊತ್ತು ಆಪರೇಟರ್ ಬೀದಿಯಲ್ಲಿ ನಡೆದ. ಎಡಗಡೆಯಿಂದ ಬಂದವರು ಅವನನ್ನು ಸಲೂನಣ್ಣನ ಪಕ್ಷವೆಂದುಕೊಂಡು ನಕ್ಕರು. ಬಲಗಡೆಯಿಂದ ಬಂದವರು ಮೇಷ್ಟ್ರ ಪಕ್ಷವೆಂದುಕೊಂಡು ನಮಸ್ಕರಿಸಿದರು. ಕೊನೆಗೆ ಯಜಮಾನಿಯ ಮುಂದೆ ಹೋಗಿ ನಿಂತ. ಅವರದು ಮಾತು ಕಡಿಮೆ. ಪ್ರತಿ ಪ್ರದರ್ಶನಕ್ಕೂ ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ನೋಡಿ, ದೀಪ ಹತ್ತುವ ಮೊದಲೇ ಎದ್ದು ಹೋಗುವವರು.

“ಅಮ್ಮಾ, ಇವತ್ತಿನ ಷೋ ನಿಲ್ಲಿಸ್ಬೇಕು. ಒಂದು ವಿಷಯ ಇದೆ.”

“ಬೆಂಕಿ ಬಿದ್ದಿದೆಯಾ?”

“ಇಲ್ಲಮ್ಮಾ.”

“ಹಾಗಾದ್ರೆ ಷೋ ಆದ್ಮೇಲೆ ಹೇಳು. ಮುಖ ಒರೆಸ್ಕೋ, ನೊರೆ ಇದೆ.”

ಮೂರು ಗಂಟೆಗೆ ಥಿಯೇಟರಿನಲ್ಲಿ ಸೂಜಿ ಊರಲು ಜಾಗವಿರಲಿಲ್ಲ. ನಡುಹಾದಿಯ ಈಚೆ ಕೂದಲು ಬಿಟ್ಟವರು, ಆಚೆ ಕತ್ತರಿಸಿಕೊಂಡವರು. ಮೇಷ್ಟ್ರು ಮಾತಾಡಿದರು. ಆಚೆಯವರು ಕೆಮ್ಮಿದರು. ಈಚೆಯವರು ಕೆಮ್ಮಿದವರನ್ನು ದುರುಗುಟ್ಟಿದರು. ಸಿನಿಮಾ ಶುರುವಾಯಿತು.

ಚಹಾಕ್ಕೆ ಇನ್ನು ಎರಡು ನಿಮಿಷವಿದೆ ಅನ್ನುವಾಗ ಆಪರೇಟರ್ ಕಣ್ಣು ಮುಚ್ಚಿ ಫ್ಯೂಸ್ ಕಿತ್ತ. ಕತ್ತಲು. ಹಾಯಾದ, ದಟ್ಟವಾದ ಕತ್ತಲು. ಇನ್ನೇನು ಜನ ಬೈದುಕೊಂಡು ಮನೆಗೆ ಹೋಗುತ್ತಾರೆ ಎಂದುಕೊಂಡ. ಆದರೆ ಮೂರನೆಯ ಸಾಲಿನಿಂದ ಒಂದು ದನಿ ಎದ್ದಿತು: “ಯಾರೂ ಗಾಬರಿ ಆಗ್ಬೇಡಿ, ನಾನಿದೀನಿ!” ಅದು ಊರಿನ ಎಲೆಕ್ಟ್ರಿಷಿಯನ್ನು. ಮನೆಗೆ ಕರೆದರೆ ಮೂರು ವಾರ ಬಾರದ ಮನುಷ್ಯ ಮೂರೇ ನೆಗೆತಕ್ಕೆ ಮೆಟ್ಟಿಲು ಹತ್ತಿ ಬಂದ.

“ಏನಣ್ಣ, ಫ್ಯೂಸು ಕೈಯಲ್ಲೇ ಹಿಡ್ಕೊಂಡು ನಿಂತಿದ್ದೀಯಲ್ಲ! ಕೊಡಿಲ್ಲಿ,” ಎಂದು ಕಸಿದು ಕೂರಿಸಿ, ಇನ್ನು ಆನೆ ಎಳೆದರೂ ಬಾರದಂತೆ ತಂತಿ ಸುತ್ತಿ ಬಿಗಿದ. ಕೆಳಗೆ ಎರಡೂ ಪಕ್ಷದವರು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಟ್ಟಿಗೆ ಚಪ್ಪಾಳೆ ತಟ್ಟಿದರು.

ನಾಯಕ ಬಾಗಿಲು ತಳ್ಳಿಕೊಂಡು ಬಂದ. “ತಡ ಆಯ್ತಾ?”

ಯಾರೋ ಒಬ್ಬರು ಕುರ್ಚಿಯಲ್ಲಿ ಕದಲಿದರು. ಆಮೇಲೆ ಹತ್ತು ಜನ. ನಾಯಕ ಚಹಾ ಮುಗಿಸಿದ, ಹೋಗಿ ಸತ್ತ, ಪೆಟ್ಟಿಗೆಯಲ್ಲಿ ತೇಲಿ ಹೋದ. ಯಾರ ಬಾಗಿಲಿಗೂ ತಿರುಗಿ ಬರಲಿಲ್ಲ. ದೀಪ ಹತ್ತಿತು. ಒಂದು ಕೆಮ್ಮೂ ಇಲ್ಲ.

“ಒಳ್ಳೆಯದು ಅನ್ನೋರು ಕೈ ಎತ್ತಿ,” ಎಂದು ಯಾರೋ ಬಡದನಿಯಲ್ಲಿ ಹೇಳಿದರು. ಯಾರೂ ಎತ್ತಲಿಲ್ಲ. “ಕೆಟ್ಟದ್ದು ಅನ್ನೋರು?” ಆಗಲೂ ಇಲ್ಲ.

ಮೇಷ್ಟ್ರು ಎದ್ದರು. “ಇದು ಐದನೆಯದಲ್ಲ. ಕಂಪನಿಯವರು ನಮ್ಮ ಸಿನಿಮಾ ಕೆಡಿಸಿದ್ದಾರೆ.”

“ಹೌದು!” ಸಲೂನಣ್ಣ ಆಚೆಯಿಂದ ಹಾರಿ ಎದ್ದ. “ಮೇಷ್ಟ್ರು ಹೇಳೋದು ಸರಿ! ನಾವು ಜಗಳ ಆಡಿದ್ದು ಇದಕ್ಕಲ್ಲ! ಸತ್ತವನು ಚಹಾ ಕುಡಿಯೋದು ಎಲ್ಲಿ? ನಾನು ಯಾವುದನ್ನ ಬೈಬೇಕು ಈಗ?”

ನಡುಹಾದಿ ಕಾಣದಾಯಿತು, ಎರಡೂ ಕಡೆಯವರು ಒಂದಾಗಿ ಕಂಪನಿಯನ್ನು ಬೈಯತೊಡಗಿದರು. ಆಪರೇಟರಿಗೆ ಇನ್ನು ತಡೆಯಲಾಗಲಿಲ್ಲ. ಕೆಳಗಿಳಿದು ಬಂದು, ಪರದೆಯ ಮುಂದೆ ಅರ್ಧ ಗಡ್ಡದಲ್ಲಿ ನಿಂತು, ಮುಚ್ಚಳದಿಂದ ಹಿಡಿದು ಈರುಳ್ಳಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟ.

ಮೇಷ್ಟ್ರು ನಿಧಾನವಾಗಿ ಕೂತರು. “ಅಂದ್ರೆ ಅಳಿಯಂದಿರೇ… ಅದು ಯಾರ ಆಲೋಚನೆಯೂ ಅಲ್ವಾ?”

“ಅಲ್ಲ ಮಾವ. ನಾನು ಊಟ ಮಾಡಿದ್ದೆ. ಅಷ್ಟೇ.”

ಕೊನೆಯ ಸಾಲಿನಲ್ಲಿ ಕುರ್ಚಿಯೊಂದು ಮಡಚಿದ ಸದ್ದಾಯಿತು. ಯಜಮಾನಿ ಇವತ್ತು ದೀಪ ಹತ್ತಿದರೂ ಹೋಗಿರಲಿಲ್ಲ. ನಡುಹಾದಿಯಲ್ಲಿ ನಡೆದು ಬಂದರು. ಕೆಲಸ ಹೋಯಿತೆಂದು ಆಪರೇಟರ್ ತಲೆ ತಗ್ಗಿಸಿದ.

“ನನಗೆ ಎರಡನೇ ದಿನವೇ ಗೊತ್ತಾಯ್ತು,” ಎಂದರು ಅವರು. “ಡಬ್ಬಿಗಳ ಜೊತೆ ಕಥೆ ಬರೆದ ಕಾಗದ ಬಂದಿತ್ತು, ಓದಿದ್ದೆ. ಸರಿಮಾಡು ಅಂತ ಹೇಳೋಕೆ ಮೇಲೆ ಬಂದೆ. ಅರ್ಧ ಮೆಟ್ಟಿಲು ಹತ್ತಿದ್ದೆ. ಅಷ್ಟರಲ್ಲಿ ಆ ಮನುಷ್ಯ ಬಾಗಿಲು ತೆಗೆದು ‘ತಡ ಆಯ್ತಾ’ ಅಂದ. ಆಗ ನಮ್ಮ ಮನೆಯವರು ಹೋಗಿ ಮೂರು ವಾರ ಆಗಿತ್ತು. ವಾಪಸ್ ಇಳಿದು ಹೋಗಿ ಕೂತೆ. ಹದಿನೈದು ವಾರ ಓಡಿಸ್ದೆ.”

ಹಿಂದೆ ಈ ಸಿನಿಮಾ ನೋಡಿ ಯಾರು ಯಾರು ಕಣ್ಣೊರೆಸಿಕೊಂಡಿದ್ದರು, ಅವರ ಮನೆಯಲ್ಲಿ ಆಗ ಯಾರು ಯಾರು ಹೋಗಿದ್ದರು ಎಂದು ಜನ ಒಬ್ಬರನ್ನೊಬ್ಬರು ಕುತೂಹಲದಿಂದ ನೋಡಿಕೊಂಡರು. ಮೇಷ್ಟ್ರು ತಮ್ಮ ಕೈಯ ಹಾಳೆಗಳನ್ನು ಮಡಚಿ ಜೇಬಿಗಿಟ್ಟರು, ಹರಿಯಲಿಲ್ಲ.

ಆಪರೇಟರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. “ಹಾಗಾದ್ರೆ ನನ್ನಿಂದ ತಪ್ಪಾಗಿಲ್ವಾ ಅಮ್ಮಾ?”

“ಆವತ್ತು ಆಗಿಲ್ಲ. ಆಗಿದ್ದು ಇವತ್ತು. ಇದನ್ನ ಸರಿಯಾಗಿ ತೋರಿಸು ಅಂತ ನಿನಗೆ ಯಾರು ಹೇಳಿದ್ರು?”

“ಅಮ್ಮಾ, ಇದರಲ್ಲಿ ಡಬ್ಬಿ ಇಲ್ಲ, ಮುಚ್ಚಳಾನೂ ಇಲ್ಲ. ಕಂಪನಿಯವರು ಬೀಗ ಹಾಕಿ ಕಳಿಸ್ತಾರೆ!”

“ಕಂಪನಿಗೆ ಫೋನ್ ಮಾಡು. ಮುಂದಿನ ಭಾನುವಾರ ಆ ಮನುಷ್ಯ ಸತ್ತ ಮೇಲೆ ಚಹಾ ಕುಡೀಬೇಕು. ಇಲ್ಲದಿದ್ರೆ ನೀನು ಈ ಮೆಟ್ಟಿಲು ಹತ್ಬೇಡ.”

“ಸರಿಯಾದ ಮಾತು!” ಎಂದು ಸಲೂನಣ್ಣ ಮೊದಲು ಕೂಗಿದ. “ಕೂಡ್ಲೇ ಮಾಡಿ ಅಳಿಯಂದಿರೇ,” ಎಂದು ಮೇಷ್ಟ್ರು ಎದ್ದೇ ನಿಂತರು. ಎಲೆಕ್ಟ್ರಿಷಿಯನ್ನು ಓಡಿ ಹೋಗಿ ಫೋನಿನ ತಂತಿ ಎಳೆದು ತಂದ.

ಆ ತುದಿಯಲ್ಲಿ ಒಂದು ಹುಡುಗಿಯ ಇಂಪಾದ ದನಿ. “ಹೇಳಿ ಸಾರ್, ಏನು ತೊಂದರೆ? ಚಿತ್ರ ಬರ್ತಿಲ್ವಾ?”

“ಬರ್ತಿದೆಯಮ್ಮಾ.”

“ಸೌಂಡು?”

“ಚೆನ್ನಾಗಿದೆ.”

“ಮಧ್ಯದಲ್ಲಿ ಎಲ್ಲಾದ್ರೂ ಹಾರಿ ಹೋಗ್ತಿದೆಯಾ?”

“ಇಲ್ಲ. ಮೊದಲಿಂದ ಕೊನೇವರೆಗೆ ಎಲ್ಲಾ ಸರಿಯಾಗಿದೆ.”

“ಎಲ್ಲಾ ಸರಿಯಾಗಿದೆಯಾ?” ಎಂದಿತು ಆ ತುದಿ. ಈ ತುದಿಯಲ್ಲಿ ಆಪರೇಟರ್ ತಿರುಗಿ ನೋಡಿದ. ಕೂದಲು ಬಿಟ್ಟವರು, ಕತ್ತರಿಸಿಕೊಂಡವರು, ಮಾವ, ಹೆಂಡತಿ, ಯಜಮಾನಿ, ಇಡೀ ಊರು ಅವನ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿತ್ತು.

“ಹೌದಮ್ಮಾ,” ಎಂದು ಅವನು ಬೆವರು ಒರೆಸಿಕೊಂಡ, “ಅದೇ ದೂರು. ಬರ್ಕೊಳ್ಳಿ.”