ಕೊನೆಯ ಆಟಕ್ಕೆ ದೋಣಿ ಪಿಕ್ಚರು

ಕನ್ನಡಕದ ಅಂಗಡಿಯ ಯಜಮಾನರು ಅವತ್ತು ತಮ್ಮ ಪಾಡಿಗೆ ತಾವು ಮುರಿದ ಫ್ರೇಮಿಗೆ ಸ್ಕ್ರೂ ಹಾಕಿಕೊಂಡು ಕೂತಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಎದುರುಗಡೆಯ ಟಾಕೀಸಿನ ಯಜಮಾನರು ಬೆಳಿಗ್ಗೆ ಬೆಳಿಗ್ಗೆಯೇ ಮೆಟ್ಟಿಲು ಹತ್ತಿ ಬಂದರು.

"ಇವತ್ತು ಸಾಯಂಕಾಲ ನಮ್ಮ ಟಾಕೀಸಿನ ಕೊನೆಯ ಆಟ. ನಾಳೆಯಿಂದ ಬೀಗ. ಬೀದಿಯವರಿಗೆಲ್ಲ ಪುಕ್ಕಟೆ ತೋರಿಸ್ತೀನಿ. ಒಂದು ಹಾಸ್ಯದ ಪಿಕ್ಚರ್ ಆಗ್ಬೇಕು. ಬರೀ ಒಳ್ಳೇದಲ್ಲ, ಇಲ್ಲೀವರೆಗೆ ಬಂದಿರೋದ್ರಲ್ಲೆಲ್ಲ ದೊಡ್ಡದಾಗಿರ್ಬೇಕು. ಹಿಂದಿನ ಕೋಣೇಲಿ ಫಿಲಂ ಕಂಪನಿಯವರು ಬಿಟ್ಟುಹೋದ ರೀಲಿನ ಡಬ್ಬಗಳಿವೆ. ನೀವೇ ಆರಿಸಿಕೊಡಿ."

"ನಾನಾ?"

"ಇನ್ಯಾರು? ನಮ್ಮ ಟಾಕೀಸಲ್ಲಿ ನಿಮ್ಮಷ್ಟು ನಕ್ಕೋರು ಯಾರಿದಾರೆ ಹೇಳಿ."

ಮಾತು ಸುಳ್ಳಲ್ಲ. ಬೀದಿಯವರು ಕನ್ನಡಕದ ಯಜಮಾನರಿಗೆ ನಗೆರಾಯರು ಎಂದು ಹೆಸರಿಟ್ಟದ್ದೇ ಆ ಟಾಕೀಸಿನಲ್ಲಿ. ಅವರದು ಕೈಪಂಪಿನ ಜಾತಿಯ ನಗು. ಮೊದಲು ಕೀಂಯ್ ಕೀಂಯ್ ಎನ್ನುತ್ತಿತ್ತು; ನೀರು ಬರುತ್ತದೋ ಇಲ್ಲವೋ ಎಂದು ಜನ ಕಾಯುತ್ತಿರುವಾಗಲೇ ಭೋರೆಂದು ಸುರಿಯುತ್ತಿತ್ತು. ತೆರೆಯ ಮೇಲಿನ ತಮಾಷೆಗೆ ಒಂದು ಸಲ, ನಗೆರಾಯರ ನಗುವಿಗೆ ಇನ್ನೊಂದು ಸಲ, ಹೀಗೆ ಒಂದೇ ಟಿಕೆಟ್ಟಿಗೆ ಜನ ಎರಡೆರಡು ಸಲ ನಗುತ್ತಿದ್ದರು. ಈಗ ಅದೆಲ್ಲಿ ಬರಬೇಕು. ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದ್ದ ಕೆಂಪು ಪರದೆ, ಕುರ್ಚಿಯೊಳಗಿಂದ ಇಣುಕುತ್ತಿದ್ದ ನಾರು, ಕತ್ತಲಲ್ಲಿ ಎಲ್ಲರ ಕಾಲು ತುಳಿದುಕೊಂಡು ಓಡಾಡುತ್ತಿದ್ದ ಗೇಟಿನವನ ಬ್ಯಾಟರಿ, ಕಾಗದದ ಪೊಟ್ಟಣದ ಕಡಲೆಕಾಯಿ.

ಯೋಚನೆ ಮಾಡುವ ಅಗತ್ಯವೇ ಅವರಿಗಿರಲಿಲ್ಲ. ಅವರ ಲೆಕ್ಕದಲ್ಲಿ ಜಗತ್ತಿನ ಅತ್ಯಂತ ದೊಡ್ಡ ಹಾಸ್ಯ ಚಿತ್ರ ಒಂದೇ, ದೋಣಿ ಪಿಕ್ಚರು. ಅದರ ನಿಜವಾದ ಹೆಸರು ಅವರಿಗೇ ಮರೆತುಹೋಗಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಿ ನೋಡಿದ್ದು. ಆಗಿನ್ನೂ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೆ. ಪಿಕ್ಚರು ಅರ್ಧ ಆಗುವಷ್ಟರಲ್ಲಿ, ಕತ್ತಲಲ್ಲಿ, ಆ ಹುಡುಗಿ ಇವರ ತೋಳನ್ನು ಎರಡೂ ಕೈಯಿಂದ ಹಿಡಿದು ಭುಜ ಕುಲುಕಿಸಿ ಕುಲುಕಿಸಿ ನಕ್ಕಿದ್ದಳು. ಅವತ್ತೇ ತಮ್ಮ ನಿಜವಾದ ಮದುವೆ ಆಯಿತೆಂದು ನಗೆರಾಯರು ನಂಬಿದ್ದರು.

ಆಮೇಲೆ ಅವಳು ಹಾಗೆ ನಕ್ಕದ್ದನ್ನು ಅವರು ಕಂಡಿರಲಿಲ್ಲ. ಹಾಸ್ಯದ ಪಿಕ್ಚರಿಗೆ ಹೋಗೋಣವೆಂದರೆ ಅವಳಿಗೆ ತಲೆನೋವು ಬರುತ್ತಿತ್ತು. ಈಚೀಚೆಗಂತೂ "ಉಪ್ಪು ಸಾಕಾ", "ಬಾಗಿಲು ಹಾಕಿದಿರಾ", ಇಷ್ಟರಲ್ಲೇ ಸಂಸಾರದ ಮಾತೆಲ್ಲ ಮುಗಿದುಹೋಗುತ್ತಿತ್ತು. ಜಗಳವಿಲ್ಲ, ಏನಿಲ್ಲ. ಆದರೂ ಟಾಕೀಸಿಗೆ ಬೀಗ ಬೀಳುವ ಮೊದಲು ಆ ಕೈ ಇನ್ನೊಂದು ಸಲ ತಮ್ಮ ತೋಳನ್ನು ಹಿಡಿಯಬೇಕೆಂದು ಅವರಿಗೆ ಆಸೆಯಾಯಿತು. ಹೇಳಿ, ಅದೇನು ದೊಡ್ಡ ಆಸೆಯೇ?

ಆದರೆ ಬೀದಿಯಲ್ಲಿ ಸುದ್ದಿಗೆ ಕಾಲು ಬಂದಿತ್ತು. ಅವರು ಟಾಕೀಸಿನ ಹಿಂದಿನ ಕೋಣೆಗೆ ಹೋಗುವಷ್ಟರಲ್ಲಿ ಸಲೂನಿನವನು, ಮಹಡಿಯ ಟೀಚರಮ್ಮ, ನಗೆರಾಯರ ಸ್ವಂತ ಭಾವಮೈದ, ಮೂವರೂ ಅಲ್ಲಿ ಹಾಜರಿದ್ದರು. ಸಲೂನಿನವನ ಹಿಂದೆ ಒಂದು ಕೆನ್ನೆಗೆ ಮಾತ್ರ ಕ್ಷೌರವಾಗಿದ್ದ ಒಬ್ಬ ಗಿರಾಕಿಯೂ ಇದ್ದ.

"ಕತ್ತೆ ಪಿಕ್ಚರ್ ಹಾಕ್ಸಿ ಸ್ವಾಮಿ," ಎಂದ ಸಲೂನಿನವನು. "ಹಾಸ್ಯ ಅಂದ್ರೆ ಬೀಳ್ಬೇಕು. ಆ ಯಪ್ಪ ಅದ್ರಲ್ಲಿ ಎಂಥಾ ಬೀಳ್ತಾನೆ ಅಂತೀರಿ. ತೋರಿಸ್ತೀನಿ ಇರಿ." ಅಲ್ಲೇ ಇದ್ದ ಸ್ಟೂಲು ಹತ್ತಿ ಬೀಳುವ ನಟನೆ ಮಾಡಲು ಹೋಗಿ ನಿಜವಾಗಿಯೇ ಬಿದ್ದ. ಕಾಲು ಉಳುಕಿತು. ಒಬ್ಬರೂ ನಗಲಿಲ್ಲ.

"ಇದೇ ನೋಡಿ, ಬೀಳೋದ್ರಲ್ಲಿ ಹಾಸ್ಯ ಇಲ್ಲ," ಎಂದರು ಟೀಚರಮ್ಮ. "ಹಾಸ್ಯ ಅಂದ್ರೆ ಮಾತಲ್ಲಿರ್ಬೇಕು. ಇಬ್ಬರು ಅತ್ತೆಯರ ಪಿಕ್ಚರಲ್ಲಿ ಒಂದು ಜೋಕಿದೆ. ಮೊದಲು ಅದರ ಹಿನ್ನೆಲೆ ಹೇಳ್ತೀನಿ." ಹಿನ್ನೆಲೆ ಮುಗಿಯುವಷ್ಟರಲ್ಲಿ ಅರ್ಧ ಕ್ಷೌರದ ಗಿರಾಕಿ ಗೋಡೆಗೊರಗಿ ತೂಕಡಿಸುತ್ತಿದ್ದ.

ನಗೆರಾಯರು ಮೇಲೆ ದೋಣಿಯ ಚಿತ್ರ ಅಂಟಿಸಿದ್ದ, ಧೂಳು ಹಿಡಿದ ಡಬ್ಬವೊಂದನ್ನು ಎಳೆದು, ಮಗುವಿನ ಮುಖ ಒರೆಸುವ ಹಾಗೆ ಒರೆಸಿದರು. "ಇದು ದೋಣಿ ಪಿಕ್ಚರು. ಇದರ ಮುಂದೆ ನಿಮ್ಮದೆಲ್ಲ ಏನೂ ಅಲ್ಲ. ಅಂಬಿಗ ಸತ್ತುಹೋಗ್ತಾನೆ, ಎತ್ಕೊಂಡು ಹೋಗ್ತಾರೆ, ಎಲ್ಲಾ ಅಳ್ತಾ ಕೂತಿರ್ತಾರೆ. ಮರುಕ್ಷಣ ಅದೇ ಅಂಬಿಗ ಬಾಗಿಲು ತಳ್ಕೊಂಡು ಬಂದು, 'ಹಸಿವಾಗ್ತಿದೆ, ಊಟಕ್ಕೆ ಬಡಿಸು' ಅಂತಾನೆ. ಹೆಂಡತಿ ಏನೂ ಆಗದೆ ಇರೋ ಥರ ಬಡಿಸ್ತಾಳೆ! ಮಗ ಮೊದಲು ಮದುವೆ ಆಗ್ತಾನೆ, ಆಮೇಲೆ ಹುಟ್ತಾನೆ. ಅಂಥ ತಲೆ ಇವತ್ತು ಯಾವ ಡೈರೆಕ್ಟರಿಗಿದೆ?" ಹೇಳುತ್ತ ಹೇಳುತ್ತ ಅವರಿಗೇ ಕೀಂಯ್ ಕೀಂಯ್ ಶುರುವಾಯಿತು.

ವಿಮೆ ಏಜೆಂಟನಾದ ಭಾವಮೈದನಿಗೆ ಇನ್ನೊಬ್ಬರ ಮಾತು ಪೂರ್ತಿ ಕೇಳಿ ಅಭ್ಯಾಸವಿರಲಿಲ್ಲ. "ಭಾವ, ನೀವು ಯಾವುದೋ ಒಂದಕ್ಕೆ ಇನ್ಯಾವುದೋ ಸೇರಿಸ್ತಾ ಇದೀರಿ. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ನೋಡಿದೀನಿ. ಅದು ಅಳುಮುಂಜಿ ಪಿಕ್ಚರು. ಅಮ್ಮ ಅವತ್ತು ರಾತ್ರಿ ಊಟನೇ ಬಿಟ್ಟಿದ್ಲು."

"ನಿಮ್ಮಮ್ಮನಿಗೆ ಹಾಸ್ಯ ಅರ್ಥ ಆಗಿರಲ್ಲ ಬಿಡಯ್ಯ."

"ಭಾವ, ಅಮ್ಮನ ಸುದ್ದಿಗೆ ಬರಬೇಡಿ."

ಮಾತಿಗೆ ಮಾತು ಬೆಳೆಯಿತು. ನಗೆರಾಯರು ಸಲೂನಿನವನಿಗೆ ಹೊಸ ಕನ್ನಡಕದ ಆಸೆ ತೋರಿಸಿ ಒಲಿಸಿಕೊಂಡರು. ಕೊನೆಯ ಆಟಕ್ಕೆ ಮೊದಲು ವೇದಿಕೆ ಮೇಲೆ ಎರಡು ಮಾತಾಡಿ ಎಂದು ಟೀಚರಮ್ಮನನ್ನೂ ಒಲಿಸಿದರು. ಭಾವಮೈದ ಮಾತ್ರ ಬಗ್ಗಲಿಲ್ಲ. ಕಡೆಗೆ ಅವನೆದುರು ಎದೆ ತಟ್ಟಿಕೊಂಡು, "ಇವತ್ತು ಜನ ಬಿದ್ದು ಬಿದ್ದು ನಗದೇ ಇದ್ರೆ ನಾನು ಈ ಜನ್ಮದಲ್ಲಿ ಪಿಕ್ಚರ್ ಬಗ್ಗೆ ಬಾಯಿ ಬಿಡಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಬಿಟ್ಟರು. ಟಾಕೀಸಿನ ಮೆಷಿನ್ನು ಓಡಿಸುವ ಹಳೆಯ ಆಪರೇಟರು ಡಬ್ಬಗಳನ್ನು ಹೊತ್ತುಕೊಂಡು ಮೇಲೆ ಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಆದಷ್ಟು ಸಹಜವಾಗಿ, "ಸಾಯಂಕಾಲ ದೋಣಿ ಪಿಕ್ಚರು. ನಾನೇ ಆರಿಸಿದೆ" ಎಂದರು.

ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. "ದೋಣಿ ಪಿಕ್ಚರಾ? ನಿಜವಾಗ್ಲೂ?"

"ನಿನಗೆ ನೆನಪಿದೆಯಾ?"

"ಮರೆಯೋಕಾಗುತ್ತಾ?" ಎಂದಳು ಅವಳು. ಅಂದ ರೀತಿಗೆ ನಗೆರಾಯರು ಊಟದಲ್ಲಿ ಉಪ್ಪಿದೆಯೋ ಇಲ್ಲವೋ ನೋಡಲಿಲ್ಲ. ಸಾಯಂಕಾಲ ಅವಳಿಗೆ ತಲೆನೋವೂ ಬರಲಿಲ್ಲ. ಪೆಟ್ಟಿಗೆಯ ತಳದಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು, ಎರಡು ಕರವಸ್ತ್ರ ಚೀಲಕ್ಕೆ ಹಾಕಿಕೊಂಡಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತದಲ್ಲ, ಅದಕ್ಕಿರಬೇಕು ಎಂದುಕೊಂಡು ನಗೆರಾಯರು ಒಳಗೊಳಗೇ ಹಿಗ್ಗಿದರು.

ಟಾಕೀಸು ಕಿಕ್ಕಿರಿದಿತ್ತು. ಟೀಚರಮ್ಮನ ಎರಡು ಮಾತು ಇಪ್ಪತ್ತಾಗಿ ಮುಗಿದವು, ಪರದೆ ಪದ್ಧತಿಯಂತೆ ಅರ್ಧಕ್ಕೆ ಸಿಕ್ಕಿಕೊಂಡು ಆಮೇಲೆ ಸರಿಯಿತು, ದೀಪ ಆರಿತು.

ಮೊದಲ ದೃಶ್ಯದಲ್ಲೇ ಅಂಬಿಗನಿಗೆ ಮಗ ಹುಟ್ಟಿದ. ನಗೆರಾಯರಿಗೆ ಇರಿಸುಮುರಿಸಾಯಿತು. ಇಷ್ಟು ಬೇಗ ಹುಟ್ಟಿದರೆ ಹೇಗೆ? ಮಗು ಅಂಬೆಗಾಲಿಟ್ಟಿತು, ನಡೆಯಿತು, ಅಪ್ಪನ ಜೊತೆ ದೋಣಿ ಹತ್ತಿತು. ಎಲ್ಲವೂ ಒಂದರ ಹಿಂದೊಂದು ಮರ್ಯಾದೆಯಿಂದ ನಡೆಯುತ್ತಿತ್ತು. ತಮಾಷೆಯ ಸುಳಿವೇ ಇಲ್ಲ. ಪ್ರವಾಹದಲ್ಲಿ ದೋಣಿ ಮಗುಚಿ ಅಂಬಿಗ ಮುಳುಗಿದಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ತಿರುಗಿ ನೋಡಿದರೆ ಸಲೂನಿನವನು. ಭಾವಮೈದನಂತೂ ಕಣ್ಣು ಒರೆಸಿಕೊಳ್ಳುತ್ತಲೇ ಮುಂದೆ ಬಗ್ಗಿ, "ಹೇಳಿರ್ಲಿಲ್ವಾ ಭಾವ?" ಎಂದು ಕಿವಿಯಲ್ಲಿ ಉಸುರಿದ.

ಅಷ್ಟರಲ್ಲಿ ಕತ್ತಲಲ್ಲಿ ಎರಡು ಕೈ ಬಂದು ನಗೆರಾಯರ ತೋಳನ್ನು ಹಿಡಿದವು. ಹೆಂಡತಿಯ ಭುಜ ಕುಲುಕುತ್ತಿತ್ತು. ಆದರೆ ಅವಳು ನಗುತ್ತಿರಲಿಲ್ಲ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಅಯ್ಯೋ, ನಗಿಸಬೇಕೆಂದು ಕರೆತಂದು ಅಳಿಸಿಬಿಟ್ಟೆನಲ್ಲ ಎಂದುಕೊಂಡರು ನಗೆರಾಯರು. "ನೀರು ಕುಡಿದು ಬರ್ತೀನಿ" ಎಂದು ಆ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡು, ಎಲ್ಲರ ಕಾಲು ತುಳಿಯುತ್ತ ಹೊರಬಿದ್ದು, ಮೆಟ್ಟಿಲು ಹತ್ತಿ ಆಪರೇಟರನ ಕೋಣೆಗೆ ನುಗ್ಗಿದರು.

"ಏನಯ್ಯಾ ಇದು? ಬೇರೆ ಪಿಕ್ಚರ್ ಹಾಕಿಬಿಟ್ಟಿದೀಯಲ್ಲ."

"ಇಲ್ಲ ಸಾರ್, ಅದೇ." ಆಪರೇಟರು ಮೆಷಿನ್ನಿನಿಂದ ಕಣ್ಣು ತೆಗೆಯದೆ ಹೇಳಿದ. "ನೀವು ಆವತ್ತು ನೋಡಿದ್ದೇ ತಪ್ಪು. ಡಬ್ಬದ ಮೇಲಿನ ನಂಬರು ಅಳಿಸಿಹೋಗಿತ್ತು. ನಾನು ಆಗ ಹೊಸಬ, ಕೈಗೆ ಸಿಕ್ಕಿದ ರೀಲು ಹಾಕಿದೆ. ಜನ ನಕ್ಕಿದ್ದು ನೋಡಿ ಈಗಿನ ಯಜಮಾನ್ರ ಅಪ್ಪ, 'ಹಾಗೇ ಓಡಿಸು' ಅಂದ್ರು. ಆವತ್ತಿಂದ ಮನಸ್ಸಿಗೆ ಚುಚ್ತಾನೇ ಇತ್ತು. ಕೊನೆಯ ಆಟಕ್ಕಾದ್ರೂ ನೆಟ್ಟಗೆ ತೋರಿಸ್ಬೇಕು ಅಂತ ಮಧ್ಯಾಹ್ನ ಊಟ ಬಿಟ್ಟು ಎಲ್ಲಾನೂ ಬೆಳಕಿಗೆ ಹಿಡಿದು ನೋಡಿ ಜೋಡಿಸಿದೀನಿ."

ನಗೆರಾಯರಿಗೆ ಈಗ ಅರ್ಥವಾಯಿತು. ಈ ಮಹಾನುಭಾವನ ಕೈಚಳಕವನ್ನೇ ತಾವು ಇಷ್ಟು ವರ್ಷ ಡೈರೆಕ್ಟರನ ತಲೆಯೆಂದು ಹೊಗಳಿಕೊಂಡು ಬಂದಿದ್ದರು. ಆದರೆ ಅದಕ್ಕೆ ದುಃಖಪಡಲು ಪುರಸೊತ್ತಿರಲಿಲ್ಲ. "ನಿನಗೆ ಕೈ ಮುಗೀತೀನಿ. ಮತ್ತೆ ಹಾಗೇ ಹಾಕು. ಈಗ ಅಂಬಿಗನ್ನ ಎತ್ಕೊಂಡು ಹೋಗ್ತಾರಲ್ಲ, ಆದ ತಕ್ಷಣ ಅವನು ಊಟಕ್ಕೆ ಬರೋ ರೀಲು ಹಾಕು. ನನ್ನ ಮಾನದ ಪ್ರಶ್ನೆ."

ಆಪರೇಟರು ಒಪ್ಪಲಿಲ್ಲ. ನಗೆರಾಯರು ಬಿಡಲಿಲ್ಲ. ಗೋಗರೆದರು, ಗಲ್ಲ ಹಿಡಿದರು. ಕಡೆಗೆ ಅವನು, "ಏನಾದ್ರೂ ಆದ್ರೆ ನೀವೇ ಜವಾಬ್ದಾರಿ" ಎಂದು ರೀಲಿಗೆ ಕೈ ಹಾಕಿದ.

ನಗೆರಾಯರು ಓಡಿ ಬಂದು ತಮ್ಮ ಜಾಗದಲ್ಲಿ ಕೂತರು. ತೆರೆಯ ಮೇಲೆ ಅಂಬಿಗನನ್ನು ಹೊತ್ತುಕೊಂಡು ಹೋದರು. ಪುಟ್ಟ ಹುಡುಗ ನದಿಯ ದಡದಲ್ಲಿ ಒಬ್ಬನೇ ಕೂತು ಅಪ್ಪನ ದಾರಿ ಕಾಯತೊಡಗಿದ. ಇಡೀ ಟಾಕೀಸು ಉಸಿರು ಬಿಗಿಹಿಡಿದು ಅಳುತ್ತಿತ್ತು. ಆಗ ಬಾಗಿಲು ಧಡಾರನೆ ತೆರೆದುಕೊಂಡಿತು. ಅಂಬಿಗ ಒಳಗೆ ಬಂದು, ಹಸಿವಾಗುತ್ತಿದೆ, ಊಟಕ್ಕೆ ಬಡಿಸು ಎಂದ.

ಕೀಂಯ್ ಕೀಂಯ್ ಎಂದು ಶುರುವಾದದ್ದು ಭೋರೆಂದು ಸುರಿಯಿತು. ನಗೆರಾಯರು ಹೊಟ್ಟೆ ಹಿಡಿದುಕೊಂಡು, ಮುಂದಿನ ಕುರ್ಚಿ ಬಡಿದು ನಕ್ಕರು. ಸುಮಾರು ಹೊತ್ತಾದ ಮೇಲೆ ಅವರಿಗೆ ಗೊತ್ತಾಯಿತು, ಇಡೀ ಟಾಕೀಸಿನಲ್ಲಿ ನಗುತ್ತಿರುವವರು ತಾವೊಬ್ಬರೇ ಎಂದು. ಎಲ್ಲ ಸಾಲುಗಳ ಮುಖಗಳೂ ಇವರ ಕಡೆ ತಿರುಗಿದ್ದವು.

"ಆ ಮಗು ಏನಾಯ್ತು? ಅದನ್ನ ತೋರಿಸ್ರೀ ಮೊದಲು," ಎಂದು ಸಲೂನಿನವನು ಉಳುಕಿದ ಕಾಲಲ್ಲೇ ಎದ್ದು ನಿಂತ. ಒಬ್ಬ ಸಿಳ್ಳೆ ಹೊಡೆದ, ಇನ್ನೊಬ್ಬ ಕುರ್ಚಿ ಒದ್ದ. ಗಲಾಟೆಯಲ್ಲಿ ರೀಲು ತುಂಡಾಯಿತು, ದೀಪ ಹತ್ತಿತು. ಆ ಟಾಕೀಸಿನ ಕೊನೆಯ ಆಟ ಹೀಗೆ ಅರ್ಧಕ್ಕೇ ಮುಗಿಯಿತು.

ಜನ ಆಪರೇಟರನನ್ನು ಬೈದುಕೊಳ್ಳುತ್ತ ಚದುರಿದರು. ಗಂಡಹೆಂಡತಿ ಮನೆಯ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವಳು, "ಆವತ್ತೂ ಹೀಗೇ ಆಗಿತ್ತು" ಎಂದಳು.

"ಯಾವತ್ತು?"

"ಹೊಸದಾಗಿ ಮದುವೆ ಆದಾಗ ಕರ್ಕೊಂಡು ಬಂದಿದ್ರಲ್ಲ. ನಾನು ಮದುವೆಗೆ ಮುಂಚೆನೇ ಊರಲ್ಲಿ ಅಮ್ಮನ ಜೊತೆ ನೋಡಿದ್ದೆ. ಹಿಂದುಮುಂದಾಗಿ ಹಾಕಿದ್ರೂ ನಂಗೆ ಕತೆ ಗೊತ್ತಿತ್ತು. ಆ ಹುಡುಗ ದಡದಲ್ಲಿ ಕೂತಿದ್ದು ನೋಡಿ ಅಮ್ಮನ ನೆನಪಾಯ್ತು. ನಿಮ್ಮ ತೋಳು ಹಿಡ್ಕೊಂಡು ಅತ್ತೆ."

ನಗೆರಾಯರು ನಿಂತಲ್ಲೇ ನಿಂತರು. "ಅಳ್ತಿದ್ಯಾ? ನೀನು ನಗ್ತಾ ಇರ್ಲಿಲ್ವಾ?"

"ನಗೋದಾ? ಸುತ್ತ ಎಲ್ಲರೂ ನಗ್ತಾ ಇದ್ರು, ಎಲ್ಲರಿಗಿಂತ ಜೋರಾಗಿ ನೀವು. ಹೆಣ ಎತ್ತೋದು ನೋಡಿ ನಗೋ ಗಂಡ, ಎಂಥಾ ಕಡೆ ಬಂದು ಬಿದ್ದೆನಪ್ಪಾ ಅಂತ ಕೈಕಾಲು ತಣ್ಣಗಾಗಿತ್ತು. ಆಮೇಲೆ ನೀವು ಹಾಸ್ಯದ ಪಿಕ್ಚರ್ ಅಂದಾಗಲೆಲ್ಲ ತಲೆನೋವು ಅಂತಿದ್ದೆ."

ಬೀದಿದೀಪದ ಬೆಳಕಲ್ಲಿ ನಗೆರಾಯರ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. ಮೆಲ್ಲಗೆ ಅವರ ತೋಳು ಹಿಡಿದಳು. "ಇರ್ಲಿ ಬಿಡಿ. ಇವತ್ತು ನೀವು ದೋಣಿ ಪಿಕ್ಚರು ಆರಿಸಿದೆ ಅಂದಾಗ, ಕಡೆಗೂ ನನ್ನ ಮನಸ್ಸು ಇವರಿಗೆ ತಿಳೀತಲ್ಲ ಅಂತ ಎಷ್ಟು ಸಂತೋಷ ಆಯ್ತು ಗೊತ್ತಾ? ನಗೋದು ನಿಮ್ಮ ಹುಟ್ಟುಗುಣ, ಏನ್ ಮಾಡೋಕಾಗುತ್ತೆ. ಹಾಳು ಮಾಡಿದ್ದು ಆ ಆಪರೇಟರ್ರು."

ನಗೆರಾಯರಿಗೆ ಹೋದ ಜೀವ ಬಂದಂತಾಯಿತು. "ಹೌದು, ತಲೆ ಕೆಟ್ಟಿರೋನು" ಎಂದರು. ಇಷ್ಟು ವರ್ಷದ ಮೇಲೆ ಆ ಕೈ ತೋಳಿನ ಮೇಲಿತ್ತು. ಹಾಗೇ ಊರೆಲ್ಲ ಒಂದು ಸುತ್ತು ಹಾಕಿ ಮನೆಗೆ ಹೋಗೋಣವೆನ್ನಿಸಿತು.

ಹಿಂದಿನಿಂದ ಸೈಕಲ್ ಬೆಲ್ಲು ಕೇಳಿಸಿತು. ಆಪರೇಟರು ಏದುಸಿರು ಬಿಡುತ್ತ ಬಂದು ಅವರ ಪಕ್ಕದಲ್ಲೇ ಇಳಿದ.

"ಸಾರ್, ಯಜಮಾನ್ರು ವಾಚಾಮಗೋಚರ ಬೈತಿದಾರೆ. ರೀಲು ಅದಲುಬದಲು ಮಾಡಿಸಿದ್ದು ನೀವೇ ಅಂದ್ರೆ ನಂಬ್ತಿಲ್ಲ. ಒಂದ್ಸಲ ಬಂದು ನೀವೇ ಹೇಳಿಬಿಡಿ ಸಾರ್."

ತೋಳಿನ ಮೇಲಿದ್ದ ಕೈ ಜಾರಿತು. ಅವಳು ಏನೂ ಕೂಗಾಡಲಿಲ್ಲ. ಆ ಕೈಯನ್ನೇ ಚಾಚಿ ಮನೆಯ ಬೀಗದಕೈ ಇಸಿದುಕೊಂಡಳು.

"ನಾನು ಹೋಗಿರ್ತೀನಿ," ಎಂದಳು. "ನೀವು ನಿಧಾನಕ್ಕೆ ನಕ್ಕೊಂಡು ಬನ್ನಿ."